ಹುಣ್ಣಾದ ಕುದುರೆಯ ಜೊತೆಗೆ ಅದರ ಮಾಲೀಕನಿಗೂ ಆಸರೆ ಬೇಕು

ಮಾನ್ಯ ಸಂಪಾದಕರೇ,

ಬಳ್ಳಾರಿಯ ಕೌಲ್ ಬಜಾರ್ ಮತ್ತು ಅದರ ಸುತ್ತಲಿನ ಓಣಿಗಳಲ್ಲಿ ಟಾಂಗಾ ಹೊಡೆದೋ, ಮದುವೆಯ ಮೆರವಣಿಗೆಗೆ ಕುದುರೆ ಕೊಟ್ಟೋ ಸಂಸಾರ ತೂಗಿಸುವ ಕೆಲವೇ ಕುಟುಂಬಗಳು ಇಂದಿಗೂ ಉಳಿದಿವೆ. ಅಂಥ ಒಬ್ಬ ಮಾಲೀಕರ ಹೆಣ್ಣು ಕುದುರೆಗೆ ಈ ಬೇಸಿಗೆಯಲ್ಲಿ ಹಿಂಗಾಲಿನ ಸಣ್ಣ ಗಾಯವೊಂದು ಮಾಯದ ಹುಣ್ಣಾಗಿ ಬೆಳೆಯಿತು, ಅದರ ಚಿಕಿತ್ಸೆ ಇನ್ನೂ ನಡೆದಿದೆ. ನೆರೆಮನೆಯವನಾಗಿ ನಾನು ಆ ಚಿಕಿತ್ಸೆಯ ಉದ್ದಕ್ಕೂ ಅವರ ಜೊತೆಗಿದ್ದೇನೆ. ಇಂಥ ರೋಗಕ್ಕೆ ಔಷಧಿಯಿದೆ, ಅದನ್ನು ಬಲ್ಲ ವೈದ್ಯರೂ ಇದ್ದಾರೆ, ಆದರೆ ಹುಣ್ಣು ಮಾಯುವ ತನಕ ಮಾಲೀಕನು ಸೋತು ಕೈಬಿಡದಂತೆ ಹಿಡಿದು ನಿಲ್ಲಿಸುವ ಆಸರೆ ಅವರಿಗೆ ಎಲ್ಲಿಯೂ ಸಿಗಲಿಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲಾಡಳಿತದ, ಪಶುಪಾಲನಾ ಇಲಾಖೆಯ ಹಾಗೂ ಊರಿನವರ ಗಮನಕ್ಕೆ ತರಬಯಸುತ್ತೇನೆ.

ರೋಗದ ಬಗೆಯನ್ನು ಮೊದಲು ಹೇಳಬೇಕು, ಏಕೆಂದರೆ ಅದು ತಿಳಿಯದೆ ಚಿಕಿತ್ಸೆ ಏಕೆ ಇಷ್ಟು ದೀರ್ಘವೆಂಬುದು ಅರ್ಥವಾಗುವುದಿಲ್ಲ. ವೈದ್ಯರು ಇದನ್ನು ಹ್ಯಾಬ್ರೋನೀಮಾ ಹುಣ್ಣು ಎನ್ನುತ್ತಾರೆ. ಬಿಸಿಲುಗಾಲದಲ್ಲಿ ಎದ್ದು ಚಳಿಗಾಲದಲ್ಲಿ ತಗ್ಗುವುದರಿಂದ ಬೇಸಿಗೆ ಹುಣ್ಣು ಎಂದೂ ಕರೆಯುವುದುಂಟು. ಕುದುರೆಯ ಜಠರದಲ್ಲಿ ವಾಸಿಸುವ ಜಂತುವಿನ ಮೊಟ್ಟೆ, ಮರಿಗಳು ಲದ್ದಿಯೊಡನೆ ಹೊರಬೀಳುತ್ತವೆ, ಲದ್ದಿಯಲ್ಲಿ ಹುಟ್ಟಿದ ನೊಣದ ಹುಳುಗಳು ಅವನ್ನು ತಿನ್ನುತ್ತವೆ, ಆ ಹುಳು ರೆಕ್ಕೆ ಬಂದು ನೊಣವಾಗಿ ಹಾರುವ ಹೊತ್ತಿಗೆ ಜಂತುವಿನ ಮರಿ ಅದರ ಬಾಯಿಯ ಬಳಿಗೆ ಬಂದು ಸೇರಿರುತ್ತದೆ. ನೊಣ ಕುದುರೆಯ ತುಟಿಯ ಮೇಲೆ ಕುಳಿತರೆ ಮರಿ ಹೊಟ್ಟೆಗಿಳಿದು ಮತ್ತೆ ಜಂತುವಾಗುತ್ತದೆ. ಗಾಯದ ಮೇಲೆ ಅಥವಾ ಕಣ್ಣಿನ ಮೂಲೆಯ ತೇವದ ಮೇಲೆ ಕುಳಿತರೆ ಅಲ್ಲಿಯೇ ಇಳಿದು, ಮುಂದೆ ಬೆಳೆಯಲಾಗದೆ ಸಾಯುತ್ತದೆ. ಹೀಗೆ ಚರ್ಮದೊಳಗೆ ಸಿಕ್ಕಿಬಿದ್ದ ಮರಿಗಳ ವಿರುದ್ಧ ಕುದುರೆಯ ದೇಹ ತೋರುವ ಅತಿಯಾದ ಪ್ರತಿಕ್ರಿಯೆಯೇ ಈ ಹುಣ್ಣು. ಕೆಂಪು ಮಾಂಸ ದಿನದಿನಕ್ಕೆ ಉಬ್ಬಿ ಬರುತ್ತದೆ, ಸ್ವಲ್ಪ ತಾಗಿದರೂ ರಕ್ತ ಒಸರುತ್ತದೆ, ಮಾಂಸದ ನಡುವೆ ಜೋಳದ ನುಚ್ಚಿನಂಥ ಹಳದಿ ಕಾಳುಗಳು ಕಾಣುತ್ತವೆ, ತುರಿಕೆ ತಾಳಲಾರದೆ ಕುದುರೆ ತನ್ನ ಕಾಲನ್ನು ತಾನೇ ಕಚ್ಚಿಕೊಂಡು ಗಾಯವನ್ನು ಮತ್ತಷ್ಟು ಕೆಡಿಸಿಕೊಳ್ಳುತ್ತದೆ.

ಆದರೆ ಕುದುರೆಯ ಚರ್ಮದ ಮೇಲೆ ಕಾಣುವ ಹುಣ್ಣೆಲ್ಲ ಇದೇ ಅಲ್ಲ. ನಿಂತ ನೀರಿನಲ್ಲಿ ಬದುಕುವ ಪಿಥಿಯಂ ಎಂಬ ಸೂಕ್ಷ್ಮಜೀವಿಯಿಂದಲೂ ನೋಡಲು ಹೀಗೆಯೇ ಇರುವ ಹುಣ್ಣು ಏಳುತ್ತದೆ. ಅದು ಇದಕ್ಕಿಂತ ಬೇಗ ಹರಡುತ್ತದೆ, ಸಾಮಾನ್ಯ ಶಿಲೀಂಧ್ರ ನಿವಾರಕ ಔಷಧಿಗಳಿಗೆ ಸರಿಯಾಗಿ ಬಗ್ಗುವುದಿಲ್ಲ, ಆರಂಭದಲ್ಲೇ ಶಸ್ತ್ರಚಿಕಿತ್ಸೆಯಾಗದಿದ್ದರೆ ಕುದುರೆ ಉಳಿಯುವುದು ಕಷ್ಟ. ಸಿರುಗುಪ್ಪ, ಗಂಗಾವತಿ ಕಡೆಯ ಭತ್ತದ ಗದ್ದೆಗಳ ಬದಿಯಲ್ಲಿ ಕುದುರೆ ಕಟ್ಟುವವರು ಇದನ್ನು ನೆನಪಿಡಬೇಕು. ಸಾರ್ಕಾಯ್ಡ್ ಎಂಬ ಚರ್ಮದ ಗಡ್ಡೆಯೂ ಒಡೆದಾಗ ಹೀಗೆಯೇ ಕಾಣುತ್ತದೆ. ಆದ್ದರಿಂದ ಹುಣ್ಣಿನ ಅಂಚಿನಿಂದ ಚೂರು ಮಾಂಸ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಯಾವುದನ್ನೂ ಖಚಿತವಾಗಿ ಹೇಳಲಾಗದು.

ಎಲ್ಲಕ್ಕಿಂತ ಮಿಗಿಲಾಗಿ ಮಾಲೀಕರನ್ನು ನಡುಗಿಸುವ ಹೆಸರು ಗ್ಲ್ಯಾಂಡರ್ಸ್. ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಮನುಷ್ಯನಿಗೂ ತಗಲುತ್ತದೆ, ಚರ್ಮದ ಮೇಲೆ ಗಂಟುಗಳು ಸಾಲಾಗಿ ಎದ್ದು ಒಡೆದು ಅಂಟಂಟಾದ ಕೀವು ಸುರಿಸುತ್ತವೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕಾಗಿ 2009ರಲ್ಲಿ ಬಂದ ಕಾಯ್ದೆಯಡಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕು, ರೋಗ ದೃಢಪಟ್ಟರೆ ಚಿಕಿತ್ಸೆಯ ಮಾತಿಲ್ಲ, ಕುದುರೆಯನ್ನು ನೋವಿಲ್ಲದಂತೆ ಕೊನೆಗಾಣಿಸಲಾಗುತ್ತದೆ. ಮಾಲೀಕನಿಗೆ ಪರಿಹಾರ ಕೊಡುವ ವ್ಯವಸ್ಥೆ ಇದ್ದರೂ ಅದನ್ನು ಅವರಿಗೆ ಮನದಟ್ಟು ಮಾಡಿಸಿದವರು ಕಡಿಮೆ. ಹೀಗಾಗಿ ಹುಣ್ಣು ಕಂಡ ಕೂಡಲೇ ಆಸ್ಪತ್ರೆಗೆ ಹೊರಡಬೇಕಾದ ಮನುಷ್ಯ, ಕುದುರೆಯನ್ನು ಕೊಂದುಬಿಡುತ್ತಾರೆಂಬ ಭಯದಿಂದ ಅದನ್ನು ಹಿತ್ತಲಿನ ಲಾಯದಲ್ಲಿ ಬಚ್ಚಿಡುತ್ತಾನೆ. ರಾತ್ರಿ ಯಾರಿಗೂ ಕಾಣದಂತೆ ಮೈಲುತುತ್ತ ಹಚ್ಚುತ್ತಾನೆ, ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಆಯಿಲ್ ಸುರಿಯುತ್ತಾನೆ, ಕೆಲವರು ಬರೆಯನ್ನೂ ಹಾಕಿಸುತ್ತಾರೆ. ಇವು ಒಳ್ಳೆಯ ಮಾಂಸವನ್ನೂ ಸುಟ್ಟು ಹುಣ್ಣನ್ನು ಅಗಲ ಮಾಡುತ್ತವೆಯೇ ಹೊರತು ಒಳಗಿನ ಮರಿಗಳನ್ನು ಮುಟ್ಟುವುದಿಲ್ಲ. ಇದರಲ್ಲಿ ಮಾಲೀಕನ ಕ್ರೌರ್ಯವನ್ನು ಕಾಣುವವರು ಅವನ ಭಯವನ್ನೂ ಕಾಣಬೇಕು. ರಕ್ತದ ಮಾದರಿ ಕಳಿಸಿ ಗ್ಲ್ಯಾಂಡರ್ಸ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ 1985ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಆ ಪರೀಕ್ಷೆ ನಡೆಯುತ್ತದೆ. ನಮ್ಮ ನೆರೆಯವರ ಕುದುರೆಯ ವರದಿ ರೋಗವಿಲ್ಲವೆಂದು ಬಂದ ದಿನ ಅವರು ಊಟ ಮಾಡಿದ ರೀತಿಯಲ್ಲೇ ಅಲ್ಲಿಯವರೆಗಿನ ಅವರ ಸಂಕಟ ನಮಗೆಲ್ಲ ತಿಳಿಯಿತು.

ರೋಗ ಗೊತ್ತಾದ ಮೇಲೆ ನಿಜವಾದ ದುಡಿಮೆ ಶುರುವಾಗುತ್ತದೆ. ಐವರ್‌ಮೆಕ್ಟಿನ್ ಎಂಬ ಜಂತುನಾಶಕವನ್ನು ಕುದುರೆಯ ತೂಕಕ್ಕೆ ತಕ್ಕಂತೆ ಬಾಯಿಯ ಮೂಲಕ ಕೊಟ್ಟು, ಕೆಲವು ವಾರಗಳ ಅಂತರದಲ್ಲಿ ಮತ್ತೆ ಕೊಡಬೇಕು. ಔಷಧಿ ಅಂಗಡಿಯಲ್ಲಿ ದನ, ಕುರಿಗಳಿಗೆಂದು ಸಿಗುವ ಚುಚ್ಚುಮದ್ದನ್ನು ತಂದು ಕುದುರೆಗೆ ಚುಚ್ಚಿದರೆ ಅಪಾಯಕಾರಿ ಬಾವು ಬರಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಉರಿಯೂತ ತಗ್ಗಿಸಲು ಸ್ಟೆರಾಯ್ಡ್ ಬೇಕಾಗುತ್ತದೆ. ಅದರ ಪ್ರಮಾಣವನ್ನು ಹಂತಹಂತವಾಗಿಯೇ ಇಳಿಸಬೇಕು, ಲೆಕ್ಕ ತಪ್ಪಿದರೆ ಗೊರಸಿನೊಳಗೆ ಉರಿಯೂತವಾಗಿ ಕುದುರೆ ಶಾಶ್ವತವಾಗಿ ಕುಂಟುವ ಭಯವಿದೆ. ಉಬ್ಬಿದ ಮಾಂಸ ಹೆಚ್ಚಾಗಿದ್ದರೆ ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಇಷ್ಟನ್ನು ವೈದ್ಯರು ಮಾಡುತ್ತಾರೆ. ದಿನನಿತ್ಯದ ಡ್ರೆಸ್ಸಿಂಗ್ ಮಾತ್ರ ಮಾಲೀಕನ ಪಾಲಿನದು.

ಆ ಡ್ರೆಸ್ಸಿಂಗ್ ಎಂದರೇನೆಂಬುದನ್ನು ಕಣ್ಣಾರೆ ಕಂಡವರಿಗೇ ಗೊತ್ತು. ನೊಣಗಳು ಏಳುವ ಮುನ್ನ, ಬೆಳಕು ಹರಿಯುವ ಹೊತ್ತಿಗೆ, ಒಬ್ಬರು ಕುದುರೆಯ ತಲೆಯ ಬಳಿ ನಿಂತು ಹಗ್ಗ ಹಿಡಿದು ಕುತ್ತಿಗೆ ಸವರುತ್ತ ಮಾತನಾಡಿಸುತ್ತಿರಬೇಕು, ಇನ್ನೊಬ್ಬರು ಒದೆಗೆ ಸಿಗದಂತೆ ಪಕ್ಕಕ್ಕೆ ಕುಳಿತು ಹಿಂದಿನ ದಿನದ ಪಟ್ಟಿಯನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಬೇಕು. ಒಣಗಿದ ಪಟ್ಟಿಯನ್ನು ಎಳೆದರೆ ಅದರೊಡನೆ ಹೊಸದಾಗಿ ಕೂಡುತ್ತಿರುವ ಚರ್ಮವೂ ಕಿತ್ತು ಬರುತ್ತದೆ. ಪಟ್ಟಿ ಸಡಿಲವಾಗುತ್ತಿದ್ದಂತೆ ಕುದುರೆಯ ಹೊಟ್ಟೆಯ ಬದಿಯ ಚರ್ಮ ಅದುರುತ್ತದೆ, ಕಿವಿಗಳು ಹಿಂದಕ್ಕೆ ಮಲಗುತ್ತವೆ, ಆಗ ಕೈ ತಡೆದು ಕಾಯಬೇಕು. ತೊಳೆದು, ಮುಲಾಮು ಹಚ್ಚಿ, ಹತ್ತಿ ಇಟ್ಟು, ಹೊಸ ಪಟ್ಟಿ ಸುತ್ತಿ, ಅದರ ಮೇಲೆ ನೊಣ ಕೂರದಂತೆ ಬೇವಿನೆಣ್ಣೆ ಸವರಿ ಏಳುವಾಗ ಬಿಸಿಲು ಏರಿರುತ್ತದೆ. ನಮ್ಮ ನೆರೆಯವರ ಹೆಂಡತಿ ಹಳೆಯ ಸೀರೆಗಳನ್ನು ಕುದಿಯುವ ನೀರಿನಲ್ಲಿ ಹಾಕಿ ಒಣಗಿಸಿ, ಒಂದೇ ಅಗಲದ ಪಟ್ಟಿಗಳಾಗಿ ಹರಿದು ಸುತ್ತಿ ಡಬ್ಬಿಯಲ್ಲಿ ತುಂಬಿಡುತ್ತಾರೆ. ಇಂಥ ಶ್ರದ್ಧೆಯಿರುವ ಮನೆಗೆ ಉಪದೇಶದ ಅಗತ್ಯವಿಲ್ಲ, ಹಗ್ಗ ಹಿಡಿಯಲು ಇನ್ನೊಂದು ಕೈಯ ಅಗತ್ಯವಿದೆ.

ಕೆಲಸವಿಲ್ಲದೆ ನಿಂತ ಕುದುರೆ ಹೊಟ್ಟೆಗೆ ತಿನ್ನುವುದನ್ನು ನಿಲ್ಲಿಸುವುದಿಲ್ಲ. 250 ಕಿಲೋ ತೂಗುವ ಸಾಧಾರಣ ಕುದುರೆಗೂ ದಿನಕ್ಕೆ 5ರಿಂದ 6 ಕಿಲೋ ಒಣ ಮೇವು ಬೇಕು, ಗಾಯ ಮಾಯಲು ಹುರುಳಿ, ಬೂಸಾ ಸ್ವಲ್ಪ ಹೆಚ್ಚೇ ಬೇಕು. ದುಡಿಮೆ ನಿಂತಿರುವಾಗ ಈ ಖರ್ಚಿನ ಜೊತೆಗೆ ಔಷಧಿಯ ಖರ್ಚು ಕೂಡಿಕೊಳ್ಳುತ್ತದೆ. ಹುಣ್ಣಿರುವ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ, ಮತ್ತು ಅದು ಅಪರಾಧವಾಗಿಯೇ ಇರಬೇಕು. 1965ರ ನಿಯಮಗಳಂತೆ ಆರೋಗ್ಯವಂತ ಕುದುರೆಯನ್ನೂ ಉಷ್ಣಾಂಶ 37 ಡಿಗ್ರಿ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ, ಹಾಗೆಂದರೆ ಬಳ್ಳಾರಿಯ ಬೇಸಿಗೆಯಲ್ಲಿ ಹೆಚ್ಚುಕಡಿಮೆ ದಿನವೂ. ಇವೆಲ್ಲ ಸರಿಯಾದ ನಿಯಮಗಳೇ. ಆದರೆ ಕುದುರೆಯನ್ನು ಹೂಡಬೇಡವೆಂದು ಹೇಳುವ ಸರ್ಕಾರ, ಹೂಡದೆ ಕಳೆಯುವ ಆ ತಿಂಗಳುಗಳಲ್ಲಿ ಮಾಲೀಕನ ಮನೆಯ ಒಲೆ ಹೇಗೆ ಉರಿಯಬೇಕೆಂಬುದನ್ನು ಯೋಚಿಸಿಲ್ಲ. ಕುದುರೆಗೂ ಅನ್ವಯಿಸುವ ಜಾನುವಾರು ವಿಮೆಯಲ್ಲಿ ಮಾಲೀಕನ ಪಾಲಿನ ಕಂತನ್ನು 2024ರಲ್ಲಿ ಶೇ 15ಕ್ಕೆ ಇಳಿಸಿದ್ದು ಸ್ವಾಗತಾರ್ಹ. ಆದರೂ ಅದು ಮುಖ್ಯವಾಗಿ ಕುದುರೆ ಸತ್ತಾಗ ಸಿಗುವ ಹಣ, ಬದುಕಿಸಿಕೊಳ್ಳಲು ಹೆಣಗುತ್ತಿರುವ ತಿಂಗಳುಗಳ ಮೇವಿಗಾಗಲೀ ಮದ್ದಿಗಾಗಲೀ ಅದು ಒದಗುವುದಿಲ್ಲ. ಇದು ಬದಲಾಗಬೇಕೆಂದು ನಾನು ಒತ್ತಿ ಹೇಳುತ್ತೇನೆ.

ದೇಶದಲ್ಲಿ ಕುದುರೆಗಳೇ ಕಡಿಮೆಯಾಗುತ್ತಿರುವುದು ಈ ಕಷ್ಟವನ್ನು ಹೆಚ್ಚಿಸಿದೆ. 2012ರ ಜಾನುವಾರು ಗಣತಿಯಲ್ಲಿ 6 ಲಕ್ಷ ದಾಟಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2019ರ ಗಣತಿಯಲ್ಲಿ 3.4 ಲಕ್ಷದ ಆಸುಪಾಸಿಗೆ ಇಳಿಯಿತು. ದನ, ಎಮ್ಮೆ, ಕುರಿಗಳ ನಡುವೆಯೇ ದಿನ ಕಳೆಯುವ ನಮ್ಮ ಕಡೆಯ ಪಶುವೈದ್ಯರಿಗೆ ಕುದುರೆಯ ಮೇಲೆ ಕೈ ಪಳಗುವ ಅವಕಾಶ ಕಡಿಮೆ, ಅಂಗಡಿಗಳಲ್ಲಿ ಕುದುರೆಯ ಔಷಧಿಯ ದಾಸ್ತಾನು ಇನ್ನೂ ಕಡಿಮೆ. ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ರಜೆಯ ದಿನವೂ ಲಾಯಕ್ಕೆ ಬಂದು ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ ಯುವ ವೈದ್ಯರೊಬ್ಬರಿಗೆ ನಮ್ಮ ಓಣಿ ಋಣಿಯಾಗಿದೆ.

ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ವಾಹನ ತುರ್ತು ಸಂದರ್ಭಕ್ಕಷ್ಟೇ ಸೀಮಿತವಾಗದೆ, ದೀರ್ಘ ಚಿಕಿತ್ಸೆಯಲ್ಲಿರುವ ಕುದುರೆಯ ಲಾಯಕ್ಕೆ ವಾರಕ್ಕೊಮ್ಮೆಯಾದರೂ ಬಂದು ಹುಣ್ಣಿನ ಅಳತೆ ತೆಗೆದು, ಸ್ಟೆರಾಯ್ಡ್ ಪ್ರಮಾಣವನ್ನು ಪರಿಶೀಲಿಸಿ ಹೋಗುವಂತಾಗಬೇಕು. ಕುಂಟುವ ಕುದುರೆಯನ್ನು ಕಾದ ಡಾಂಬರಿನ ಮೇಲೆ ಆಸ್ಪತ್ರೆಯವರೆಗೆ ನಡೆಸುವುದು ಚಿಕಿತ್ಸೆಗೇ ವಿರುದ್ಧ. ಮಾಂಸದ ಚೂರು ಮತ್ತು ರಕ್ತದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುವ ಹೊಣೆ ಹಾಗೂ ವೆಚ್ಚವನ್ನು ಮಾಲೀಕನ ಮೇಲೆ ಹೊರಿಸಬಾರದು. ಪ್ರತಿ ಜಿಲ್ಲೆಯಲ್ಲೂ ಇರಬೇಕೆಂದು 2001ರ ನಿಯಮಗಳು ಹೇಳುವ ಪ್ರಾಣಿ ದಯಾ ಸಂಘದ ನಿಧಿಯಿಂದ, ವೈದ್ಯರ ಪ್ರಮಾಣಪತ್ರವಿರುವ ಅವಧಿಗೆ ಮೇವು ಮತ್ತು ಹುರುಳಿಯನ್ನು ಒದಗಿಸುವ ವ್ಯವಸ್ಥೆಯನ್ನು ಜಿಲ್ಲಾಧಿಕಾರಿಗಳು ಮಾಡಬೇಕು. ಹಾಗಾದರೆ ಹೂಡಬೇಡವೆಂಬ ಕಾನೂನನ್ನು ಪಾಲಿಸುವ ಶಕ್ತಿ ಮಾಲೀಕನಿಗೆ ಬರುತ್ತದೆ.

ಮಹಾನಗರ ಪಾಲಿಕೆಯ ಪಾತ್ರವೂ ಸಣ್ಣದಲ್ಲ. ಲದ್ದಿಯಲ್ಲಿ ನೊಣ ಹುಟ್ಟುತ್ತಿರುವವರೆಗೆ ಈ ರೋಗಕ್ಕೆ ಕೊನೆಯಿಲ್ಲ. ಒಂದು ಕುದುರೆ ವಾಸಿಯಾದರೂ ಮುಂದಿನ ಬೇಸಿಗೆಗೆ ಅದಕ್ಕೋ ಪಕ್ಕದ ಲಾಯದ ಕುದುರೆಗೋ ಮತ್ತೆ ಬರುತ್ತದೆ. ಮನೆಮನೆಯ ಕಸ ಒಯ್ಯುವ ವಾಹನ ಲಾಯಗಳ ಲದ್ದಿಯನ್ನೂ ಪ್ರತಿದಿನ ಒಯ್ದು ಗೊಬ್ಬರಕ್ಕೆ ಹಾಕಿದರೆ ನೊಣದ ಸಂತತಿ ಅಲ್ಲಿಯೇ ಮುರಿಯುತ್ತದೆ, ಓಣಿಯ ಮಕ್ಕಳಿಗೂ ಒಳ್ಳೆಯದು.

ಓಣಿಯವರಿಗೂ ಎರಡು ಮಾತು ಹೇಳಬೇಕಿದೆ. ಈ ಬೇಸಿಗೆ ಹುಣ್ಣು ಕುದುರೆಯನ್ನು ಮುಟ್ಟಿದ ಮಾತ್ರಕ್ಕೆ ಮನುಷ್ಯರಿಗೆ ಬರುವುದಿಲ್ಲ. ಹುಳುಕಡ್ಡಿಯಂಥ ಬೇರೆ ಚರ್ಮರೋಗಗಳು ಬರುತ್ತವೆಯಾದ್ದರಿಂದ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ವಿವೇಕ. ಆದರೆ ವೈದ್ಯರು ಗ್ಲ್ಯಾಂಡರ್ಸ್ ಇಲ್ಲವೆಂದು ಹೇಳಿದ ನಂತರವೂ ಲಾಯದ ಮುಂದೆ ಮೂಗು ಮುಚ್ಚಿಕೊಂಡು ಹೋಗುವುದು, ಆ ಮನೆಯ ಮಕ್ಕಳನ್ನು ದೂರ ಇಡುವುದು, ಕುದುರೆಯನ್ನು ಊರಾಚೆ ಬಿಟ್ಟು ಬಾ ಎಂದು ಒತ್ತಾಯಿಸುವುದು ನ್ಯಾಯವಲ್ಲ. ಪಟ್ಟಿ ಕಟ್ಟಿದ ಕುದುರೆಯನ್ನು ಊರಾಚೆ ಬಿಟ್ಟರೆ ನಾಯಿ, ನೊಣಗಳ ನಡುವೆ ಅದಕ್ಕೆ ಒದಗುವ ಸಾವನ್ನು ಯಾರೂ ಬಯಸಲಾರರು.

ಮದುವೆಯ ಮೆರವಣಿಗೆಗೆಂದು ಈ ಕುದುರೆಯನ್ನು ಗೊತ್ತು ಮಾಡಿ ಮುಂಗಡ ಕೊಟ್ಟಿದ್ದ ಕುಟುಂಬಗಳು ಈಗ ಆ ಹಣವನ್ನು ಹಿಂದಿರುಗಿಸುವಂತೆ ಕೇಳುತ್ತಿವೆ. ಕೇಳುವುದು ಅವರ ಹಕ್ಕು. ಆದರೆ ಆ ಹಣ ಆಗಲೇ ಮದ್ದಿಗೂ ಮೇವಿಗೂ ಖರ್ಚಾಗಿದೆ. ಕುದುರೆ ವಾಸಿಯಾದ ಮೇಲೆ ತಮ್ಮ ಮನೆಯ ಇನ್ನೊಂದು ಶುಭಕಾರ್ಯಕ್ಕೆ ಅದೇ ಮುಂಗಡ ಸಲ್ಲುವಂತೆ ಅವರು ಒಪ್ಪಿಕೊಂಡರೆ, ಉಳಿದ ಚಿಕಿತ್ಸೆಯನ್ನು ಸಾಲವಿಲ್ಲದೆ ಮುಗಿಸಲು ಮಾಲೀಕರಿಗೆ ಸಾಧ್ಯವಾಗುತ್ತದೆ. ಹಾಗೆ ಒಪ್ಪಬೇಕೆಂದು ಆ ಕುಟುಂಬಗಳ ಹಿರಿಯರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಓದುಗ, ಕೌಲ್ ಬಜಾರ್, ಬಳ್ಳಾರಿ