ರವಿವಾರ ಜಾನ್ ಲಾರ್ಡ್ ಕೇಳೋಣ

ಎಲ್ಲರಿಗೂ ನಮಸ್ಕಾರ. ಈ ರವಿವಾರ ಸಂಜೆ 6ಕ್ಕೆ ಬೆಳಗಾವಿಯ ಟಿಳಕವಾಡಿಯಲ್ಲಿ, ಎಂದಿನ ಮಹಡಿ ಕೋಣೆಯಲ್ಲೇ ಸೇರುತ್ತೇವೆ. ಈ ಸಲ ಇಂಗ್ಲೆಂಡಿನ ರಾಕ್ ತಂಡ ಡೀಪ್ ಪರ್ಪಲ್‌ನ ಆರ್ಗನ್ ವಾದಕ ಜಾನ್ ಲಾರ್ಡ್.

ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಅಂದರೆ ಗಿಟಾರ್ ಅಷ್ಟೇ ಅನ್ನುವವರು ನಮ್ಮಲ್ಲಿ ಜಾಸ್ತಿ. ಅವರಂತೂ ತಪ್ಪದೇ ಬನ್ನಿ. ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು (ವಿದ್ಯುತ್ತಿನಿಂದ ನುಡಿಯುವ ಕೀಬೋರ್ಡ್ ವಾದ್ಯ) ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದರು. ಚರ್ಚಿನಲ್ಲಿ ಪ್ರಾರ್ಥನೆಗೆ ನುಡಿಸುತ್ತಿದ್ದ ವಾದ್ಯ ಗುಡುಗತೊಡಗಿತು! ಅದರ ಕೀಗಳನ್ನು ಎಷ್ಟು ಜೋರಾಗಿ ಒತ್ತಿದರೂ ದನಿ ಏರುವುದಿಲ್ಲ. ಏರಿಳಿತವೆಲ್ಲ ಕಾಲಿನ ಪೆಡಲಿನಲ್ಲಿ. ಹಾರ್ಮೋನಿಯಂನಲ್ಲಿ ತಿದಿ ಮಾಡುವ ಕೆಲಸ ಅದು. ಪಂಡಿತ ರಾಮಭಾವು ವಿಜಾಪುರೆ ಅವರ ಹಾರ್ಮೋನಿಯಂ ಕೇಳಿದ ಊರು ನಮ್ಮದು. ಬೆರಳಿನ ಓಟದ ಬೆಲೆ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ, ಅಲ್ವಾ?

ಬರುವ ಮುಂಚೆ 1972ರ 'ಮಷೀನ್ ಹೆಡ್' ಆಲ್ಬಮ್ಮಿನ 'ಹೈವೇ ಸ್ಟಾರ್' ಒಮ್ಮೆ ಕೇಳಿ, ಆದರೆ ಹೆಡ್‌ಫೋನಿನಲ್ಲಿ. ಗಿಟಾರ್ ಸೋಲೋಗಿಂತ (ಒಂದೇ ವಾದ್ಯ ಮುಂದೆ ಬಂದು ನುಡಿಯುವ ಭಾಗ) ಮೊದಲು ಬರುವುದು ಆರ್ಗನ್ ಸೋಲೋ. ಜರ್ಮನಿಯ ಹಳೆಯ ಸಂಗೀತಕಾರ ಬಾಖ್ ಅವರ ಸಂಗೀತದ ನೆರಳು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಅಷ್ಟು ವೇಗದಲ್ಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಸುಮ್ನೆ ವೇಗ ತೋರಿಸುವವರು ಬಹಳ ಜನ. ಇಷ್ಟು ಚೊಕ್ಕವಾಗಿ ನುಡಿಸಿದವರನ್ನು ನಾನಂತೂ ಹೆಚ್ಚು ಕೇಳಿಲ್ಲ.

ರಾಕ್ ತಂಡ, ಆರ್ಕೆಸ್ಟ್ರಾ ಎರಡಕ್ಕೂ ಸೇರಿಸಿ ಲಾರ್ಡ್ ಬರೆದ ಕಾನ್ಸರ್ಟೋ ಎಂಬ ದೀರ್ಘ ಕೃತಿಯ ಕಛೇರಿ 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ಅದರ ಒಂದು ಭಾಗವನ್ನೂ ಹಾಕುತ್ತೇವೆ.

ಹಾರ್ಮೋನಿಯಂ ಇದ್ದವರು ತನ್ನಿ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, 8ಕ್ಕೆ ಸರಿಯಾಗಿ ಸ್ಪೀಕರ್ ಬಂದ್. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.