ಕನಸಿನಲ್ಲಿ ಕಣ್ಣಿಗೇನು ಕೆಲಸ?

ಮಾನ್ಯ ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಕನಸಿನ ಬಗ್ಗೆ ಬಂದ ಬರಹ ಓದಿದೆ. ಹಾವು ಕಂಡರೆ ಏನು, ಹಲ್ಲು ಬಿದ್ದರೆ ಏನು ಅನ್ನುವುದೆಲ್ಲ ಇರಲಿ, ನಂಬುವವರು ನಂಬಲಿ. ಆದರೆ ಹುಟ್ಟುಕುರುಡರಿಗೂ ಕನಸಿನಲ್ಲಿ ಎಲ್ಲ ಕಾಣುತ್ತದೆ ಅಂತ ಬರೆದದ್ದು ಸರಿಯಲ್ಲ. ಅವರ ಕನಸಿನಲ್ಲಿ ಹೆಚ್ಚಾಗಿ ಇರುವುದು ಮಾತು, ಸದ್ದು, ಸ್ಪರ್ಶ, ವಾಸನೆ. ಐದು ವರ್ಷದೊಳಗೆ ದೃಷ್ಟಿ ಹೋದವರದ್ದೂ ಸಾಮಾನ್ಯವಾಗಿ ಹೀಗೇ. ಏಳು ದಾಟಿದ ಮೇಲೆ ಹೋದರೆ ಮಾತ್ರ ಎಷ್ಟೋ ವರ್ಷ ಕನಸಿನಲ್ಲಿ ಮುಖ, ಬಣ್ಣ ಕಾಣುತ್ತಿರುತ್ತವೆ. ಕನಸು ಕಟ್ಟುವುದು ಮಿದುಳು ತಾನೇ. ಕಲಿಯದೇ ಇದ್ದದ್ದನ್ನು ಅದು ಎಲ್ಲಿಂದ ತಂದು ತೋರಿಸೀತು?

ನನ್ನದೇ ಹೇಳುತ್ತೇನೆ. ಎಡಗಣ್ಣು ಚಿಕ್ಕಂದಿನಿಂದ ಮಂದ, ‘ಲೇಜಿ ಐ’ ಅಂತಾರಲ್ಲ, ಅದು. ಬಲಗಣ್ಣಿಗೆ ಮೈನಸ್ ಐದರ ಕನ್ನಡಕ. ಎರಡು ಕಣ್ಣಿನ ನಡುವೆ ಆರು ಸೆಂಟಿಮೀಟರ್ ಚಿಲ್ಲರೆ ಅಂತರ ಇರುವುದರಿಂದ ಎರಡಕ್ಕೂ ಒಂಚೂರು ಬೇರೆ ಚಿತ್ರ ಬೀಳುತ್ತದೆ, ಆ ವ್ಯತ್ಯಾಸ ಹಿಡಿದೇ ಮಿದುಳು ಆಳದ ಲೆಕ್ಕ ಹಾಕುತ್ತದೆ. ಚಾರ್ಲ್ಸ್ ವೀಟ್‌ಸ್ಟನ್ ಅನ್ನುವ ಇಂಗ್ಲೆಂಡಿನ ವಿಜ್ಞಾನಿ 1838ರಲ್ಲೇ ಕನ್ನಡಿ ಇಟ್ಟು ಇದನ್ನು ತೋರಿಸಿದ. ನನಗೆ ಆ ಲೆಕ್ಕ ಬರುವುದಿಲ್ಲ. ಹಾಗಂತ ಲೋಕವೇನೂ ಚಪ್ಪಟೆಯಲ್ಲ. ಯಾವುದು ಯಾವುದಕ್ಕೆ ಅಡ್ಡ ಇದೆ, ನೆರಳು ಎತ್ತ ಬಿದ್ದಿದೆ, ತಲೆ ಆಡಿಸಿದರೆ ಯಾವುದು ಜಾಸ್ತಿ ಸರಿಯುತ್ತದೆ ಅಂತ ನೋಡಿ ಅಂದಾಜು ಮಾಡುತ್ತೇನೆ. 1961ರ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಹೋದ ಕ್ರಿಕೆಟಿಗ ಪಟೌಡಿ ಮುಂದೆ ಟೆಸ್ಟ್ ನಾಯಕರೇ ಆದರು ಅಲ್ವಾ. ಆದರೆ ನಾನು ಪಟೌಡಿ ಅಲ್ಲ. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಮೆಟ್ಟಿಲಿನ ಅಂಚಿನ ಹಳದಿ ಬಣ್ಣ ಸವೆದ ಕಡೆ ನನಗೆ ಬರೀ ಇಳಿಜಾರು ಕಾಣುತ್ತದೆ, ಕಂಬಿ ಕೈಗೆ ಸಿಗದಿದ್ದರೆ ಕಾಲಲ್ಲಿ ತಡಕಿ ಇಳಿಯಬೇಕು, ಹಿಂದಿನವರು ‘ಚಲಾ ಚಲಾ’ ಅನ್ನುತ್ತಲೇ ಇರುತ್ತಾರೆ.

ತಮಾಷೆ ಏನೆಂದರೆ, ಕನಸಿನಲ್ಲಿ ನನಗೆ ಕನ್ನಡಕ ಬೇಡ. ದೂರದ ಗಾಡಿ, ಜನರ ಮುಖ ಎಲ್ಲ ಸ್ಪಷ್ಟ. ಮಸುಕು ಕಣ್ಣುಗುಡ್ಡೆಯ ತಾಪತ್ರಯ, ನಿದ್ದೆಯಲ್ಲಿ ಅದು ಸುಮ್ನೆ ರೆಪ್ಪೆಯೊಳಗೆ ಹೊರಳಾಡುತ್ತಿರುತ್ತದೆ ಅಷ್ಟೇ. ಆದರೆ ಮೆಟ್ಟಿಲು ಬಂದರೆ ಕನಸಿನಲ್ಲೂ ಕಾಲು ತಡಕುತ್ತದೆ. ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು ಎಷ್ಟು ಅಂತ ತಿಳಿಯದೆ ಕತ್ತು ಓರೆ ಮಾಡಿ ನೋಡುತ್ತೇನೆ. ಎಲ್ಲರಿಗೂ ಹೀಗೇ ಅಂತ ನಾನು ಹೇಳುವುದಿಲ್ಲ.

ಮುಂಬಯಿಯಲ್ಲಿ ಒಂದೇ ಕಣ್ಣಿನಲ್ಲಿ ಸಂಸಾರ ನಡೆಸುವ, ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಕನ್ನಡಿಗರು ಇದ್ದೇ ಇರುತ್ತಾರೆ. ಕನಸಿನ ಫಲ ಹಾಕುವ ಅರ್ಧ ಪುಟದಲ್ಲಿ ಒಂದು ಸಲ ಅವರನ್ನು ಕೇಳಿ ಬರೆಯಿರಿ. ಜೊತೆಗೆ ಇದನ್ನೂ ಹಾಕಿ: ಮಕ್ಕಳ ಲೇಜಿ ಐ ಏಳೆಂಟು ವರ್ಷದೊಳಗೆ ಗೊತ್ತಾದರೆ, ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಗಂಟೆ ಪಟ್ಟಿ ಹಾಕಿ ಸರಿಪಡಿಸಲು ಅವಕಾಶ ಜಾಸ್ತಿ. ನನ್ನ ಶಾಲೆಯಲ್ಲಿ ಎರಡೂ ಕಣ್ಣು ತೆರೆಸಿಯೇ ಬೋರ್ಡು ಓದಿಸಿ, ಎಲ್ಲ ಸರಿ ಇದೆ ಅಂತ ಕಳಿಸಿಬಿಟ್ಟಿದ್ದರು.

ಇಂತಿ,
ನಿಮ್ಮ ಓದುಗ, ಡೊಂಬಿವಲಿ