ಆರೋಗ್ಯ ಸಚಿವರೇ, ಬೋರ್ಡ್ ಇದೆ, ರಾತ್ರಿ ಡ್ಯೂಟಿಗೆ ಜನ ಎಲ್ಲಿ?

ಮಾನ್ಯ ಸಚಿವರೇ, ನಮಸ್ಕಾರ.

ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಅದಕ್ಕೇ ಈಗ ಎಲ್ಲರೆದುರು ಕೇಳುತ್ತಿದ್ದೇನೆ. ಅಪಘಾತದಲ್ಲಿ ಗಂಭೀರವಾಗಿ ಗಾಯಗೊಂಡವರಿಗೆ ಚಿಕಿತ್ಸೆ ಕೊಡುವ ಟ್ರಾಮಾ ಸೆಂಟರ್‌ಗಳಿಗೆ ರಾತ್ರಿ ಪಾಳಿಯ ಸಿಬ್ಬಂದಿ ಕೊಡಿ.

ಅಪಘಾತದಲ್ಲಿ ನನ್ನ ತಮ್ಮನ ತಲೆಗೂ ಹೊಟ್ಟೆಗೂ ಜೋರು ಪೆಟ್ಟಾಗಿತ್ತು. '24 ಗಂಟೆ ಸೇವೆ' ಅನ್ನೋ ಬೋರ್ಡ್ ನಂಬಿಕೊಂಡು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಿಟಿ ಸ್ಕ್ಯಾನ್ ರೂಮಿಗೆ ಬೀಗ. ಟೆಕ್ನಿಷಿಯನ್ ಮನೆಗೆ ಹೋಗಿದ್ದಾರೆ, ಕೀ ಅವರ ಹತ್ತಿರವೇ ಇದೆ. ಅರಿವಳಿಕೆ ಡಾಕ್ಟರ್ 'ಆನ್ ಕಾಲ್', ಅಂದರೆ ಫೋನ್ ರಿಂಗ್ ಆಗುತ್ತೆ, ಅಷ್ಟೇ. ಇದ್ದದ್ದು ಒಬ್ಬ ಹುಡುಗ ಡಾಕ್ಟರ್, ಒಬ್ಬರು ನರ್ಸ್. ಪಾಪ, ಅವರಿಬ್ಬರು ಏನು ಮಾಡಿಯಾರು? ಆ ಹುಡುಗ ಉಸಿರು ಕೊಡುವ ಅಂಬು ಬ್ಯಾಗನ್ನು ನನ್ನ ಕೈಗಿಟ್ಟು, "ಹೀಗೇ ಒತ್ತುತ್ತಾ ಇರಿ, ನಿಲ್ಲಿಸಬೇಡಿ" ಅಂತ ಹೇಳಿ ರೆಫರಲ್ ಚೀಟಿ ಬರೆಯೋಕೆ ಓಡಿದ. ನಾನು ಅಂಗಡಿ ಲೆಕ್ಕ ಬರೆಯುವವನು ಸ್ವಾಮಿ! ಪಕ್ಕದಲ್ಲೇ ವೆಂಟಿಲೇಟರ್ ನಿಂತಿತ್ತು, ಅದರ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಉದ್ಘಾಟನೆಯ ರಿಬ್ಬನ್ ಮಾತ್ರ ಕತ್ತರಿಸಿದ್ದರು ಅನಿಸುತ್ತೆ.

ತಮ್ಮ ಬದುಕಿದ. ಬಲಗೈ ಎತ್ತಲು ಆಗುವುದಿಲ್ಲ, ಮಾತು ಇನ್ನೂ ತೊದಲುತ್ತದೆ. ಬೇಗ ಆಪರೇಷನ್ ಆಗಿದ್ದರೆ ಇಷ್ಟಾಗುತ್ತಿತ್ತಾ? ಅಮ್ಮ ಇದನ್ನೇ ದಿನಾ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ.

ನಿಯಮ ನಿಮಗೆ ಗೊತ್ತಿರದೇ ಇರುತ್ತಾ? ಮೇಲ್ದರ್ಜೆಯ ಟ್ರಾಮಾ ಸೆಂಟರ್ ಅಂದರೆ ಸರ್ಜನ್, ಅರಿವಳಿಕೆ ಡಾಕ್ಟರ್, ಮೂಳೆ ಡಾಕ್ಟರ್, ಮೆದುಳು-ನರಗಳ ಸರ್ಜನ್, ಸಿಟಿ ಸ್ಕ್ಯಾನ್, ತೆರೆದಿರುವ ಬ್ಲಡ್ ಬ್ಯಾಂಕ್, ಐಸಿಯು, ಎಲ್ಲವೂ ಹಗಲು ರಾತ್ರಿ ಕೈಗೆ ಸಿಗಬೇಕು. ಅಮೆರಿಕದ ಸರ್ಜನ್‌ಗಳ ಸಂಸ್ಥೆಯ ಪ್ರಕಾರ ಮೊದಲ ದರ್ಜೆಯ ಸೆಂಟರ್‌ನಲ್ಲಿ ತೀರಾ ಗಂಭೀರ ಗಾಯಾಳು ಬಂದ 15 ನಿಮಿಷದೊಳಗೆ ಸರ್ಜನ್ ಹಾಸಿಗೆ ಪಕ್ಕ ಇರಬೇಕು. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಗಾಯವಾದ 3 ಗಂಟೆಯೊಳಗೇ ಕೊಡಬೇಕು, ತಡವಾದರೆ ಅದರಿಂದಲೇ ಅಪಾಯ ಆಗಬಹುದು. ನಾವು ಆ ಹೊತ್ತನ್ನೆಲ್ಲ ಆಂಬುಲೆನ್ಸ್‌ನಲ್ಲೇ ಕಳೆದೆವು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ.

ಹೊಸ ಕಟ್ಟಡ ಬೇಡ, ಹೊಸ ಮಷಿನ್ ಬೇಡ. ಇರುವ ಮಷಿನ್ ನಡೆಸೋಕೆ ರಾತ್ರಿ ಜನ ಕೊಡಿ. ಖಾಲಿ ಹುದ್ದೆ ತುಂಬಿ. ಇವತ್ತು ರಾತ್ರಿ ಯಾರು ಡ್ಯೂಟಿಯಲ್ಲಿದ್ದಾರೆ ಅಂತ ಬಾಗಿಲಲ್ಲೇ ಹೆಸರು ಬರೆದು ಹಾಕಿಸಿ. ಜನ ಇಲ್ಲ ಅಂದರೆ ಆ ಬೋರ್ಡನ್ನಾದರೂ ಇಳಿಸಿ. ನಾವು ನೇರವಾಗಿ ಬೇರೆ ಕಡೆ ಹೋಗುತ್ತೇವೆ, ಅಲ್ವಾ?

ದಯವಿಟ್ಟು 'ಪರಿಶೀಲನೆಯಲ್ಲಿದೆ' ಅಂತ ಮಾತ್ರ ಉತ್ತರ ಕಳಿಸಬೇಡಿ. ಅದು ನನ್ನ ಫೈಲ್‌ನಲ್ಲಿ ಬೇಕಾದಷ್ಟಿದೆ.

ಇಂತಿ,
ಒಬ್ಬ ಗಾಯಾಳುವಿನ ಅಣ್ಣ